ಹರಳಿನ ಸಿಟಿ ಸ್ಕ್ಯಾನ್‌ಗೆ ಎಷ್ಟು ವಿಕಿರಣ ಸಾಕು?

2025ರ ಏಪ್ರಿಲ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ ಇಂಟರ್ನಲ್ ಮೆಡಿಸಿನ್’ ಒಂದು ಅಂದಾಜನ್ನು ಪ್ರಕಟಿಸಿತು. 2023ರಲ್ಲಿ ಆ ದೇಶದ ಸುಮಾರು 6.2 ಕೋಟಿ ಜನರಿಗೆ ಮಾಡಿದ 9.3 ಕೋಟಿ ಸಿಟಿ ಸ್ಕ್ಯಾನ್‌ಗಳಿಂದಾಗಿ ಮುಂದೆ ಸುಮಾರು 1.03 ಲಕ್ಷ ಕ್ಯಾನ್ಸರ್ ಪ್ರಕರಣಗಳು ಬರಬಹುದು ಎಂಬುದು ಅದರ ಸಾರ. ಸುದ್ದಿ ಇಲ್ಲಿಗೆ ತಲುಪುವ ಹೊತ್ತಿಗೆ ‘ಬರಬಹುದು’ ಎಂಬುದು ಉದುರಿಹೋಗಿ ‘ಸಿಟಿ ಸ್ಕ್ಯಾನ್‌ನಿಂದ ಕ್ಯಾನ್ಸರ್’ ಎಂಬಷ್ಟೇ ಉಳಿದಿತ್ತು. ಇನ್ನೊಂದು ಕಡೆ, ಇಷ್ಟು ಸಣ್ಣ ಪ್ರಮಾಣದ ವಿಕಿರಣದಿಂದ ಅಪಾಯವಿದೆ ಎನ್ನಲು ನೇರ ಪುರಾವೆಯೇ ಇಲ್ಲ ಎನ್ನುವ ತಜ್ಞರೂ ಇದ್ದಾರೆ. ನಡು ಹಿಡಿದುಕೊಂಡು ಕಲಬುರಗಿಯ ದವಾಖಾನೆಗೆ ಬಂದು, ‘ಪ್ಲೇನ್ ಸಿಟಿ ಕೆಯುಬಿ’ (ಕಾಂಟ್ರಾಸ್ಟ್ ಔಷಧಿ ಇಲ್ಲದೆ ತೆಗೆಯುವ ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶದ ಸಿಟಿ) ಎಂದು ಬರೆದ ಚೀಟಿ ಕೈಯಲ್ಲಿ ಹಿಡಿದವರಿಗೆ ಈ ಎರಡು ಮಾತುಗಳ ನಡುವೆ ದಾರಿ ಕಾಣುವುದಿಲ್ಲ.

ದಾರಿ ಇದೆ. ಸ್ಕ್ಯಾನ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಎಷ್ಟು ವಿಕಿರಣದಲ್ಲಿ ಎಂದು ಕೇಳಬೇಕು. ಮೂತ್ರಪಿಂಡದ ಹರಳಿನ ವಿಷಯದಲ್ಲಿ ಈ ಪ್ರಶ್ನೆಗೆ ಸಿಗುವಷ್ಟು ಒಳ್ಳೆಯ ಉತ್ತರ ಹೊಟ್ಟೆಯ ಬೇರೆ ಕಾಯಿಲೆಗಳಲ್ಲಿ ಸಿಗುವುದಿಲ್ಲ.

ಅಂದಾಜಿನ ಬುಡ ಎಲ್ಲಿದೆ

ಒಂದು ಲಕ್ಷ ಎಂಬ ಆ ಸಂಖ್ಯೆ ರೋಗಿಗಳನ್ನು ಎಣಿಸಿ ಬಂದದ್ದಲ್ಲ, ಒಂದು ಮಾದರಿಯಿಂದ ಹುಟ್ಟಿದ ಲೆಕ್ಕ. ಜಪಾನಿನ ಅಣುಬಾಂಬ್ ದಾಳಿಯಲ್ಲಿ ಬದುಕುಳಿದವರ ಅಧ್ಯಯನದಿಂದ, ಹೆಚ್ಚು ವಿಕಿರಣಕ್ಕೆ ಎಷ್ಟು ಕ್ಯಾನ್ಸರ್ ಎಂದು ಗೊತ್ತಿದೆ. ಆ ಗೆರೆಯನ್ನು ನೇರವಾಗಿ ಸೊನ್ನೆಯವರೆಗೆ ಎಳೆದರೆ ಸಣ್ಣ ಪ್ರಮಾಣಕ್ಕೂ ಒಂದು ಸಣ್ಣ ಅಪಾಯ ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ ‘ಬೈಯರ್ 7’ ವರದಿಯಲ್ಲಿ ಹೀಗೆ ಎಳೆದ ಗೆರೆಯ ಪ್ರಕಾರ, 10 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ವಿಕಿರಣ ಪಡೆದ ಸುಮಾರು 1,000 ಜನರಲ್ಲಿ ಒಬ್ಬರಿಗೆ ಅದರಿಂದ ಕ್ಯಾನ್ಸರ್ ಬರಬಹುದು.

ಗೆರೆಯನ್ನು ಅಷ್ಟು ಕೆಳಗೆ ಎಳೆಯುವುದೇ ತಪ್ಪು ಎಂಬುದು ಎದುರು ವಾದ. ಅಮೆರಿಕದ ವೈದ್ಯಕೀಯ ಭೌತತಜ್ಞರ ಸಂಘ, ಒಂದೇ ತಪಾಸಣೆಗೆ 50 ಮಿಲಿಸೀವರ್ಟ್‌ಗಿಂತ ಕಡಿಮೆ ಇದ್ದಾಗ ಅಪಾಯ ಪತ್ತೆಯಾಗದಷ್ಟು ಸಣ್ಣದು, ಇಲ್ಲದೆಯೂ ಇರಬಹುದು ಎಂಬ ನಿಲುವು ತಳೆದಿತ್ತು. ಆದರೆ 2023ರಲ್ಲಿ ಯುರೋಪಿನ ಒಂಬತ್ತು ದೇಶಗಳ 9 ಲಕ್ಷಕ್ಕೂ ಹೆಚ್ಚು ಎಳೆಯರನ್ನು ಹಿಂಬಾಲಿಸಿದ ‘ಎಪಿ-ಸಿಟಿ’ ಅಧ್ಯಯನ, ಸಿಟಿಯಿಂದ ಮೂಳೆಮಜ್ಜೆಗೆ ತಾಗಿದ ಪ್ರಮಾಣ ಏರಿದಂತೆ ರಕ್ತದ ಕ್ಯಾನ್ಸರ್ ಏರಿದ್ದನ್ನು ತೋರಿಸಿತು. ಮಕ್ಕಳ ಮಟ್ಟಿಗಾದರೂ ‘ಪುರಾವೆಯೇ ಇಲ್ಲ’ ಎನ್ನುವುದು ಈಗ ಕಷ್ಟ.

ಭಾರತದಲ್ಲಿ ಜೀವಮಾನದಲ್ಲಿ ಒಂಬತ್ತರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ 2022ರ ಅಂದಾಜು ಹೇಳುತ್ತದೆ. ಅಂದರೆ ಸಾವಿರ ಜನರಲ್ಲಿ ಸುಮಾರು 111 ಮಂದಿ. ಆ ಸಾವಿರ ಜನರಿಗೂ ತಲಾ 10 ಮಿಲಿಸೀವರ್ಟ್‌ನ ಒಂದು ಸ್ಕ್ಯಾನ್ ಮಾಡಿದರೆ, ಅತಿ ಎಚ್ಚರದ ಮಾದರಿಯ ಪ್ರಕಾರವೂ 111 ಹೋಗಿ 112 ಆಗುತ್ತದೆ. ಒಬ್ಬ ರೋಗಿ ಹೆದರುವಂಥ ಸಂಖ್ಯೆ ಇದಲ್ಲ. ಕೋಟಿ ಸ್ಕ್ಯಾನ್ ಮಾಡುವ ದೇಶ ನಿರ್ಲಕ್ಷಿಸಬಹುದಾದ ಸಂಖ್ಯೆಯೂ ಅಲ್ಲ. ಸುದ್ದಿಯ ಗೊಂದಲವೆಲ್ಲ ಈ ಎರಡು ಅಳತೆಗಳನ್ನು ಕಲಸಿದ್ದರಿಂದ ಆದದ್ದು.

ಒಂದು ಸ್ಕ್ಯಾನ್ ಒಂದಕ್ಕೇ ನಿಲ್ಲುವುದಿಲ್ಲ

ಹರಳಿನ ರೋಗಿಯ ಲೆಕ್ಕ ಬೇರೆಯಾಗುವುದು ಇಲ್ಲಿ. ಒಮ್ಮೆ ಹರಳಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಯ ಬಿಸಿಲಲ್ಲಿ ತೊಗರಿ ಹೊಲದ ಕೂಲಿ, ಶಹಾಬಾದಿನ ಕಲ್ಲುಗಣಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಕೆಲಸ ಮಾಡುವವರ ಮೈನೀರು ಬೆವರಾಗಿ ಹೋಗುತ್ತದೆ. ಮೂತ್ರ ಕಡಿಮೆಯಾಗಿ ಗಟ್ಟಿಯಾದಾಗ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲಗಳು ಕರಗಿರಲಾರದೆ ಹರಳುಗಟ್ಟುತ್ತವೆ. ಹಾಗಾಗಿ ಮೂವತ್ತರ ವಯಸ್ಸಿನಲ್ಲೇ ಶುರುವಾಗಿ ಐವತ್ತರೊಳಗೆ ಮೂರು ನಾಲ್ಕು ಸಲ ಸಿಟಿ ಮೇಜಿನ ಮೇಲೆ ಮಲಗುವವರು ಇದ್ದಾರೆ.

ಇದಕ್ಕೆ ಊರೂರು ತಿರುಗುವ ಚಿಕಿತ್ಸೆಯೂ ಸೇರುತ್ತದೆ. ಹುಮನಾಬಾದ್‌ನಲ್ಲಿ ಆದ ಸ್ಕ್ಯಾನ್ ಬೀದರ್‌ನಲ್ಲಿ ಇನ್ನೊಮ್ಮೆ, ಅಲ್ಲಿಂದ ಹೈದರಾಬಾದ್ ಅಥವಾ ಸೊಲ್ಲಾಪುರಕ್ಕೆ ಹೋದರೆ ಮತ್ತೊಮ್ಮೆ. ಕೈಯಲ್ಲಿ ಫಿಲ್ಮ್ ಇರುತ್ತದೆ, ಸಿ.ಡಿ. ಇರುವುದಿಲ್ಲ. ಫಿಲ್ಮ್ ಮೇಲೆ ಹರಳನ್ನು ಹೊಸದಾಗಿ ಅಳೆಯಲಾಗದು, ಅದರ ಸಾಂದ್ರತೆ ನೋಡಲಾಗದು, ಬೇರೆ ಕೋನದಲ್ಲಿ ತಿರುಗಿಸಲಾಗದು. ಆದ್ದರಿಂದ ಮುಂದಿನ ಯೂರಾಲಜಿಸ್ಟ್ ಹೊಸ ಸ್ಕ್ಯಾನ್ ಬರೆಯುತ್ತಾರೆ. ನಾಲ್ಕು ಸ್ಕ್ಯಾನ್‌ಗೆ ತಲಾ 10 ಎಂದರೆ 40 ಮಿಲಿಸೀವರ್ಟ್, ತಲಾ ಎರಡೂವರೆ ಎಂದರೆ ಒಟ್ಟು 10. ನಿಸರ್ಗದಿಂದಲೇ ಮನುಷ್ಯನಿಗೆ ತಾಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್.

ಹರಳಿಗೆ ಮಾತ್ರ ಇರುವ ಅನುಕೂಲ

ಸಿಟಿ ಚಿತ್ರದಲ್ಲಿ ಪ್ರತಿ ವಸ್ತುವಿಗೂ ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ ಒಂದು ಸಂಖ್ಯೆ ಇರುತ್ತದೆ. ನೀರು 0, ಮೂತ್ರಪಿಂಡದ ಮಾಂಸ ಸುಮಾರು 30-40. ಮೆದುವಾದ ಯೂರಿಕ್ ಆಮ್ಲದ ಹರಳೇ 200ರಿಂದ 450ರ ಆಸುಪಾಸು ಇರುತ್ತದೆ, ಗಟ್ಟಿ ಕ್ಯಾಲ್ಸಿಯಂ ಆಕ್ಸಲೇಟ್ 1,000 ದಾಟುತ್ತದೆ. ಯಕೃತ್ತಿನ ಸಣ್ಣ ಗೆಡ್ಡೆಗೂ ಸುತ್ತಲ ಮಾಂಸಕ್ಕೂ ಇರುವ ಅಂತರ ಕೆಲವು ಹತ್ತರಷ್ಟಾದರೆ, ಹರಳಿನದು ಹಲವು ನೂರರಷ್ಟು. ಎರೆಮಣ್ಣಿನ ಮೇಲೆ ಬಿದ್ದ ಬಿಳಿಜೋಳದ ಕಾಳು ಮುಸ್ಸಂಜೆಯ ಬೆಳಕಿನಲ್ಲೂ ಕಾಣುವಂತೆ, ಹರಳು ಮಸುಕು ಚಿತ್ರದಲ್ಲೂ ಕಾಣುತ್ತದೆ.

ವಿಕಿರಣ ಕಡಿಮೆ ಮಾಡಿದರೆ ಚಿತ್ರದಲ್ಲಿ ಏರುವುದು ಕಾಳುಕಾಳಾದ ನಾಯ್ಸ್. ಅದು ಏರುವುದೂ ನಿಧಾನ: ಡೋಸ್ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದರೆ ನಾಯ್ಸ್ ಎರಡು ಪಟ್ಟಾಗುತ್ತದೆ ಅಷ್ಟೆ. ಗೆಡ್ಡೆ ಹುಡುಕುವವರಿಗೆ ಅದು ದುಬಾರಿ. ಹರಳು ಹುಡುಕುವವರಿಗೆ ಅಲ್ಲ.

ಇದನ್ನು ಪರೀಕ್ಷಿಸಿ ನೋಡಿಯೂ ಆಗಿದೆ. 2007ರಲ್ಲಿ ಜಿನೀವಾದ ತಂಡವೊಂದು 125 ರೋಗಿಗಳಿಗೆ 180 ಎಂಎಎಸ್‌ನ (ಎಕ್ಸ್‌ರೇ ಟ್ಯೂಬಿನ ಕರೆಂಟನ್ನು ಸಮಯದಿಂದ ಗುಣಿಸಿದ ಅಳತೆ) ಮಾಮೂಲಿ ಸ್ಕ್ಯಾನನ್ನೂ 30 ಎಂಎಎಸ್‌ನ ಲೋ ಡೋಸ್ ಸ್ಕ್ಯಾನನ್ನೂ ಮಾಡಿ ಹೋಲಿಸಿತು. ಗಂಡಸರಲ್ಲಿ ಡೋಸ್ 9.6ರಿಂದ 1.6 ಮಿಲಿಸೀವರ್ಟ್‌ಗೆ, ಹೆಂಗಸರಲ್ಲಿ 12.6ರಿಂದ 2.1ಕ್ಕೆ ಇಳಿಯಿತು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30ಕ್ಕಿಂತ ಕಡಿಮೆ ಇದ್ದವರಲ್ಲಿ, ಮೂತ್ರನಾಳದಲ್ಲಿದ್ದ 3 ಮಿ.ಮೀ.ಗಿಂತ ದೊಡ್ಡ ಹರಳುಗಳೆಲ್ಲ ಲೋ ಡೋಸ್‌ನಲ್ಲೂ ಸಿಕ್ಕವು, ಅದಕ್ಕಿಂತ ಚಿಕ್ಕವು 86 ಶೇಕಡಾ. ಇಂದಿನ ಸಾಫ್ಟ್‌ವೇರ್‌ಗಳು ಬರುವ ಮುಂಚಿನ ಫಲಿತಾಂಶ ಇದು. ಹಾಗಾಗಿ ‘ನಮ್ಮದು ಹಳೇ 16 ಸ್ಲೈಸ್ ಮಷೀನ್, ನಮಗೆ ಲೋ ಡೋಸ್ ಆಗದು’ ಎಂಬ ಮಾತು ನಿಲ್ಲುವುದಿಲ್ಲ.

ಹಾಗಿದ್ದೂ ಡೋಸ್ ಇಳಿಯದೇಕೆ

ಅಮೆರಿಕದ ಯೂರಾಲಜಿ ಸಂಘ ಬಿಎಂಐ 30 ಮೀರದವರಿಗೆ 4 ಮಿಲಿಸೀವರ್ಟ್‌ನೊಳಗಿನ ಸಿಟಿಯನ್ನೇ ಮಾಡಿ ಎಂದು ಹೇಳಿ ವರ್ಷಗಳಾದವು. ಆದರೆ ಅದೇ ದೇಶದ ಡೋಸ್ ನೋಂದಣಿಯಲ್ಲಿದ್ದ ಸುಮಾರು 50 ಸಾವಿರ ಹರಳಿನ ಸ್ಕ್ಯಾನ್‌ಗಳನ್ನು ತೆಗೆದು ನೋಡಿದ 2014ರ ವರದಿಯಲ್ಲಿ, ನಿಜವಾಗಿಯೂ ತಗ್ಗಿಸಿದ ಡೋಸ್‌ನಲ್ಲಿ ಆದವು ಕೇವಲ 2 ಶೇಕಡಾ. ಸರಾಸರಿ 11 ಮಿಲಿಸೀವರ್ಟ್ ದಾಟಿತ್ತು. ಕೊರತೆ ಯಂತ್ರದಲ್ಲಿರಲಿಲ್ಲ, ಅಭ್ಯಾಸದಲ್ಲಿತ್ತು.

ಹಳೆಯ ಎಕ್ಸ್‌ರೇ ಫಿಲ್ಮ್‌ನಲ್ಲಿ ವಿಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ತಪ್ಪು ತಾನೇ ಕಾಣುತ್ತಿತ್ತು. ಸಿಟಿಯಲ್ಲಿ ಹೆಚ್ಚಾದಷ್ಟೂ ಚಿತ್ರ ನುಣುಪಾಗುತ್ತದೆ, ಆದ್ದರಿಂದ ಯಾರೂ ದೂರುವುದಿಲ್ಲ. ಕಡಿಮೆ ಮಾಡಿದ ದಿನವೇ ‘ಇಮೇಜ್ ಕ್ಲಿಯರ್ ಇಲ್ಲ’ ಎಂಬ ಫೋನ್ ಬರುತ್ತದೆ. ಟೆಕ್ನಿಷಿಯನ್‌ಗೆ ಬೈಗುಳ ಸಿಗುವುದು ಒಂದೇ ದಿಕ್ಕಿನಿಂದ ಎಂದಾದರೆ ಡೋಸ್ ಹೋಗುವುದೂ ಒಂದೇ ದಿಕ್ಕಿಗೆ. ಯಂತ್ರ ಕೂರಿಸಿದಾಗ ಕಂಪನಿಯವರು ತುಂಬಿಕೊಟ್ಟ ‘ರೊಟೀನ್ ಅಬ್ಡೊಮೆನ್’ (ಮಾಮೂಲಿ ಹೊಟ್ಟೆ) ಪ್ರೋಟೋಕಾಲ್‌ನಲ್ಲೇ, ಅಂದರೆ ಮೊದಲೇ ಇಟ್ಟ ಸೆಟ್ಟಿಂಗ್‌ಗಳಲ್ಲೇ, ಹರಳಿನ ಸ್ಕ್ಯಾನೂ ಸಾಗುತ್ತದೆ. ರಾತ್ರಿ ಪಾಳಿಯ ಚಿತ್ರವನ್ನು ಟೆಲಿರೇಡಿಯಾಲಜಿಯಲ್ಲಿ ದೂರದ ಊರಿನವರು ಓದುವುದಾದರೆ, ಓದುವವರಿಗೂ ಯಂತ್ರ ನಡೆಸುವವರಿಗೂ ಮಾತೇ ಇರುವುದಿಲ್ಲ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಸಿಟಿ ಯಂತ್ರ ನಡೆಸುವಂತಿಲ್ಲ, ನಿಗದಿತ ಅವಧಿಗೆ ಗುಣಮಟ್ಟ ಪರೀಕ್ಷೆಯೂ ಆಗಬೇಕು. ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿ ಇದೆ. ರೋಗಿಗೆ ಅಂಥ ಮಿತಿ ಇಲ್ಲ, ಇರುವಂತೆಯೂ ಇಲ್ಲ, ಏಕೆಂದರೆ ಜೀವ ಉಳಿಸುವ ಸ್ಕ್ಯಾನನ್ನು ಮಿತಿ ಹೇಳಿ ತಡೆಯಲಾಗದು. ಅಗತ್ಯವಿದ್ದರಷ್ಟೇ, ಸಾಕಾಗುವಷ್ಟೇ ಎಂಬ ತತ್ವ ಮಾತ್ರ ಇದೆ. ಗುಣಮಟ್ಟ ಪರೀಕ್ಷೆ ಯಂತ್ರ ನೆಟ್ಟಗಿದೆಯೇ ಎಂದು ಹೇಳುತ್ತದೆ. ಮಧ್ಯಾಹ್ನ ಬಂದ ಹರಳಿನ ರೋಗಿಗೆ ಯಾವ ಪ್ರೋಟೋಕಾಲ್ ಒತ್ತಿದರು ಎಂದು ಅದು ಹೇಳದು.

ಕನ್ಸೋಲ್ ಮುಂದೆ ಕೂತವರ ಕೈಯಲ್ಲಿರುವುದು

ಪ್ರತಿ ಸ್ಕ್ಯಾನ್ ಮುಗಿದಾಗ ಪರದೆಯ ಮೇಲೆ ಎರಡು ಸಂಖ್ಯೆ ಬರುತ್ತವೆ. ಸಿಟಿಡಿಐ ಎಂಬುದು ವಿಕಿರಣದ ತೀವ್ರತೆ, ಮಿಲಿಗ್ರೇಯಲ್ಲಿ. ಅದನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದರೆ ಡಿಎಲ್‌ಪಿ. ಹೊಟ್ಟೆ ಮತ್ತು ಕಿಬ್ಬೊಟ್ಟೆಗೆ ಡಿಎಲ್‌ಪಿಯನ್ನು 0.015ರಿಂದ ಗುಣಿಸಿದರೆ ಮಿಲಿಸೀವರ್ಟ್‌ನ ಅಂದಾಜು ಸಿಗುತ್ತದೆ. ಸಿಟಿಡಿಐ 12, ಉದ್ದ 50 ಸೆಂ.ಮೀ. ಆದರೆ ಡಿಎಲ್‌ಪಿ 600, ಅಂದರೆ 9 ಮಿಲಿಸೀವರ್ಟ್. ಸಿಟಿಡಿಐ 5, ಉದ್ದ 42 ಆದರೆ 210, ಅಂದರೆ ಮೂರಕ್ಕಿಂತ ತುಸು ಹೆಚ್ಚು. 4 ಮಿಲಿಸೀವರ್ಟ್‌ನೊಳಗೆ ಇರಬೇಕೆಂದರೆ ಡಿಎಲ್‌ಪಿ ಸುಮಾರು 267 ದಾಟಬಾರದು.

ಎಲ್ಲಕ್ಕಿಂತ ಸುಲಭದ ಉಳಿತಾಯ ಉದ್ದದಲ್ಲಿದೆ. ಮೂತ್ರಪಿಂಡದ ಮೇಲ್ತುದಿಯಿಂದ ಪ್ಯೂಬಿಕ್ ಮೂಳೆಯ ಕೆಳಅಂಚಿನವರೆಗೆ ಸಾಕು. ಇಡೀ ಯಕೃತ್ತು, ಶ್ವಾಸಕೋಶದ ಬುಡ, ತೊಡೆಯ ಮೇಲ್ಭಾಗ ಬೇಕಿಲ್ಲ. ಸಿಟಿಡಿಐ 10 ಇದ್ದಾಗ ಮೇಲೆ 5, ಕೆಳಗೆ 5 ಸೆಂ.ಮೀ. ಹೆಚ್ಚಾದರೆ ಒಂದೂವರೆ ಮಿಲಿಸೀವರ್ಟ್ ಸುಮ್ಮನೆ ಹೋಯಿತು.

ರೋಗಿಯನ್ನು ಗ್ಯಾಂಟ್ರಿಯ (ಯಂತ್ರದ ಉಂಗುರದಂಥ ಭಾಗ) ನಟ್ಟನಡುವೆ ತರುವುದು ಅಲಂಕಾರದ ಮಾತಲ್ಲ. ಎಕ್ಸ್‌ರೇ ಟ್ಯೂಬ್ ಕೆಳಗಿಟ್ಟು ಸ್ಕೌಟ್ (ಸಿಟಿಗೆ ಮೊದಲು ತೆಗೆಯುವ ಎಕ್ಸ್‌ರೇಯಂಥ ಚಿತ್ರ) ತೆಗೆಯುವಾಗ ಮೇಜು ತಗ್ಗಿದ್ದರೆ ರೋಗಿ ಟ್ಯೂಬ್‌ಗೆ ಹತ್ತಿರವಾಗಿ ಚಿತ್ರದಲ್ಲಿ ದಪ್ಪ ಕಾಣುತ್ತಾನೆ. ಯಂತ್ರ ಅದನ್ನೇ ನಂಬಿ ಕರೆಂಟ್ ಏರಿಸುತ್ತದೆ. ಕೈಗಳು ಪಕ್ಕೆಗೆ ಅಂಟಿದ್ದರೂ ಹಾಗೆಯೇ ಆಗಿ, ಮೇಲೆ ಚಿತ್ರದಲ್ಲಿ ಗೀರುಗಳೂ ಬೀಳುತ್ತವೆ. ನೋವಿನಲ್ಲಿ ಹೊರಳಾಡುವವರಿಗೆ ಮೊದಲು ಇಂಜೆಕ್ಷನ್ ಕೊಟ್ಟು, ನೋವು ತಗ್ಗಿದ ಮೇಲೆ ಕೈ ತಲೆಯ ಮೇಲಕ್ಕೆ ಎತ್ತಿಸಿ ಮಲಗಿಸಿದರೆ ಎರಡನೇ ಸಲ ತೆಗೆಯುವ ಪ್ರಸಂಗ ತಪ್ಪುತ್ತದೆ.

ಇನ್ನು ಆಟೊ ಎಂಎ, ಅಂದರೆ ಟ್ಯೂಬಿನ ಕರೆಂಟನ್ನು (ಎಂಎ) ಯಂತ್ರವೇ ಹೊಂದಿಸಿಕೊಳ್ಳುವ ವ್ಯವಸ್ಥೆ. ಬಹಳ ಕಡೆ ಎಡವುವುದು ಇಲ್ಲಿಯೇ. ತೆಳ್ಳಗಿನವರಿಗೆ ಟ್ಯೂಬಿನ ವೋಲ್ಟೇಜನ್ನು 120 ಕೆವಿ ಬದಲು 100 ಕೆವಿ ಇಡುವುದು ಒಳ್ಳೆಯ ಉಪಾಯ. ಆದರೆ ಯಂತ್ರಕ್ಕೆ ‘ಇಷ್ಟೇ ನಾಯ್ಸ್ ಇರಲಿ’ ಎಂಬ ಹಳೆಯ ಆದೇಶ ಹಾಗೇ ಇದ್ದರೆ, ಕೆವಿ ಇಳಿದ ಕೊರತೆ ತುಂಬಲು ಅದು ಎಂಎ ಏರಿಸಿಬಿಡುತ್ತದೆ. ಡೋಸ್ ಹೆಚ್ಚೇನೂ ಇಳಿಯುವುದಿಲ್ಲ. ಆದ್ದರಿಂದ ಗುಣಮಟ್ಟದ ಗುರಿಯನ್ನೇ ಸಡಿಲಿಸಬೇಕು. ಜಿಇ ಯಂತ್ರದಲ್ಲಿ ಅದು ನಾಯ್ಸ್ ಇಂಡೆಕ್ಸ್, ಸೀಮೆನ್ಸ್‌ನಲ್ಲಿ ಕ್ವಾಲಿಟಿ ರೆಫರೆನ್ಸ್ ಎಂಎಎಸ್. ನಾಯ್ಸ್ ಇಂಡೆಕ್ಸ್ 12ರಿಂದ 24ಕ್ಕೆ ಹೋದರೆ ಡೋಸ್ ನಾಲ್ಕರಲ್ಲೊಂದಾಗುತ್ತದೆ. ಅದರಲ್ಲಿ ಇನ್ನೊಂದು ತೊಡಕಿದೆ: ಈ ಸೂಚ್ಯಂಕ ಮೊದಲ ರೀಕನ್‌ಸ್ಟ್ರಕ್ಷನ್‌ನ (ಯಂತ್ರ ಕಟ್ಟಿಕೊಡುವ ಚಿತ್ರಗಳ ಸಾಲು) ಸ್ಲೈಸ್ ದಪ್ಪಕ್ಕೆ ಕಟ್ಟಿಕೊಂಡಿರುತ್ತದೆ. ಮೊದಲ ಸಾಲಿನಲ್ಲಿ 5 ಮಿ.ಮೀ. ಬದಲು 1.25 ಇಟ್ಟು ಸೂಚ್ಯಂಕ ಹಾಗೇ ಬಿಟ್ಟರೆ, ಯಂತ್ರ ಡೋಸನ್ನು ನಾಲ್ಕು ಪಟ್ಟು ಏರಿಸಲು ನೋಡುತ್ತದೆ. ದಪ್ಪ ಸ್ಲೈಸ್ ಮೊದಲ ಸಾಲಿಗಿರಲಿ, ತೆಳು ಸ್ಲೈಸ್ ಎರಡನೆಯದಕ್ಕಿರಲಿ. ಎಂಎಗೆ ಮೇಲಿನ ಮಿತಿಯೊಂದನ್ನೂ ಹಾಕಿಟ್ಟರೆ ಕೈಮೀರುವುದಿಲ್ಲ.

ಇಟರೇಟಿವ್ ರೀಕನ್‌ಸ್ಟ್ರಕ್ಷನ್ ಮತ್ತು ಈಚಿನ ಡೀಪ್ ಲರ್ನಿಂಗ್ ಸಾಫ್ಟ್‌ವೇರ್‌ಗಳು ನಾಯ್ಸ್ ತೊಳೆಯುತ್ತವೆ, ಆದರೆ ತಾವಾಗಿಯೇ ಡೋಸ್ ಇಳಿಸುವುದಿಲ್ಲ. ಎಂಎ ಇಳಿಸದೆ ಅವನ್ನು ಕೊಂಡರೆ ಅದೇ ಡೋಸ್‌ನಲ್ಲಿ ಇನ್ನಷ್ಟು ನುಣುಪಿನ ಚಿತ್ರ ಸಿಗುತ್ತದೆ, ದುಡ್ಡು ಹೋದದ್ದು ಅದಕ್ಕೆ.

ಮೂತ್ರನಾಳ ಮೂತ್ರಕೋಶಕ್ಕೆ ಸೇರುವ ತುದಿಯಲ್ಲಿ ಹರಳು ಕಂಡರೆ, ಅದು ಸಿಕ್ಕಿಕೊಂಡಿದೆಯೋ ಆಗಲೇ ಕೋಶಕ್ಕೆ ಬಿದ್ದಿದೆಯೋ ತಿಳಿಯದೆ ಬೋರಲು ಮಲಗಿಸಿ ಮತ್ತೆ ತೆಗೆಯುವುದುಂಟು. ಆಗುವವರನ್ನು ಮೊದಲೇ ಬೋರಲು ಮಲಗಿಸಿದರೆ ಒಂದೇ ಸ್ಕ್ಯಾನ್‌ನಲ್ಲಿ ಮುಗಿಯುತ್ತದೆ, ಬಿಡಿ ಹರಳು ಮುಂದಕ್ಕೆ ಜಾರುತ್ತದೆ. ಹರಳಿನ ಅಳತೆಯನ್ನು ಬೋನ್ ವಿಂಡೋದಲ್ಲಿ (ಮೂಳೆ ನೋಡಲು ಹೊಂದಿಸಿದ ಪರದೆಯ ಸೆಟ್ಟಿಂಗ್), ಕೊರೋನಲ್ (ಎದುರಿನಿಂದ ನೋಡಿದಂತೆ ಕಾಣುವ) ಚಿತ್ರದಲ್ಲೂ ತೆಗೆದುಕೊಳ್ಳಬೇಕು. ಮೆದು ಅಂಗಾಂಶದ ವಿಂಡೋದಲ್ಲಿ ಹರಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಮೂರು ಹಂತದ ಸಿಟಿ ಯೂರೋಗ್ರಾಮ್. ಪ್ಲೇನ್, ಕಾಂಟ್ರಾಸ್ಟ್, ತಡವಾದ ಹಂತ ಎಂದು ಮೂರು ಸಲ ಹಾಯಿಸಿದರೆ ಡೋಸೂ ಹೆಚ್ಚುಕಡಿಮೆ ಮೂರು ಪಟ್ಟು. ಕಾಂಟ್ರಾಸ್ಟ್ ಔಷಧಿ ಮೂತ್ರದಲ್ಲಿ ಬೆಳ್ಳಗೆ ತುಂಬಿಕೊಂಡಾಗ ಹರಳೇ ಅದರಲ್ಲಿ ಮುಚ್ಚಿಹೋಗುತ್ತದೆ. ನೋವು ಹರಳಿನದೇ ಎಂಬ ಶಂಕೆ ಇದ್ದರೆ ಪ್ಲೇನ್ ಹಂತ ಒಂದೇ ಸಾಕು.

ಆಕ್ಷೇಪಗಳಲ್ಲಿ ಹುರುಳಿದೆಯೇ

ಕೆಲವಕ್ಕೆ ಇದೆ. ಜಿನೀವಾದ ಅಧ್ಯಯನದಲ್ಲೇ ಬಿಎಂಐ 30 ಮತ್ತು ಅದಕ್ಕಿಂತ ಹೆಚ್ಚಿದ್ದವರಲ್ಲಿ ಮೂತ್ರನಾಳದ ಹರಳುಗಳಲ್ಲಿ ಅರ್ಧದಷ್ಟು ಮಾತ್ರ ಸಿಕ್ಕಿದ್ದವು. 165 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 82 ಕೆ.ಜಿ. ಅಂಥವರಿಗೆ 30 ಎಂಎಎಸ್ ಹಠ ಬೇಡ. ಮಾಮೂಲಿ ಡೋಸ್‌ನಲ್ಲಿ ಒಮ್ಮೆ ಸರಿಯಾಗಿ ತೆಗೆಯುವುದೇ ಮೇಲು, ಇಲ್ಲವಾದರೆ ಕೆಟ್ಟ ಸ್ಕ್ಯಾನ್ ಒಂದು, ಅದರ ಮೇಲೆ ಒಳ್ಳೆಯದೊಂದು ಆಗುತ್ತದೆ.

ಎರಡು ಮಿ.ಮೀ. ಹರಳು ತಪ್ಪಿಹೋದೀತು ಎಂಬ ಭಯಕ್ಕೆ ಅಷ್ಟು ತೂಕವಿಲ್ಲ. 5 ಮಿ.ಮೀ.ವರೆಗಿನ ಮೂತ್ರನಾಳದ ಹರಳುಗಳಲ್ಲೇ ಮೂರರಲ್ಲಿ ಎರಡು ಭಾಗ ತಾವಾಗಿ ಬೀಳುತ್ತವೆ. ಎರಡರದ್ದು ಕಂಡರೂ ಕಾಣದಿದ್ದರೂ ಚಿಕಿತ್ಸೆ ಬದಲಾಗುವುದು ಅಪರೂಪ. ಹೊಟ್ಟೆನೋವು ಅಪೆಂಡಿಕ್ಸ್‌ನದೋ ಬೇರೆಯದೋ ಎಂಬ ಅನುಮಾನ ಬಲವಾಗಿದ್ದರೆ ಮಾತ್ರ ಆಕ್ಷೇಪ ಸರಿ. ಆಗ ಬೇಕಾದದ್ದು ಬೇರೆ ಪ್ರೋಟೋಕಾಲ್, ಚೀಟಿಯಲ್ಲಿ ಬರೆಯಬೇಕಾದದ್ದೂ ಬೇರೆ.

ಸೋನೋಗ್ರಫಿಯಿಂದ ಶುರು ಮಾಡಿದರೆ

ಹರಳಿನ ಶಂಕೆಯಿಂದ ತುರ್ತು ವಿಭಾಗಕ್ಕೆ ಬಂದ 2,759 ಅಮೆರಿಕನ್ನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲು ಸೋನೋಗ್ರಫಿ ಆದವರಿಗೂ ಮೊದಲೇ ಸಿಟಿ ಆದವರಿಗೂ ಗಂಭೀರ ಕಾಯಿಲೆ ತಪ್ಪಿಹೋಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೋನೋಗ್ರಫಿಯಿಂದ ಶುರು ಮಾಡಿದವರಲ್ಲಿ ಬಹುಪಾಲು ಮಂದಿಗೆ ಸಿಟಿ ಬೇಕಾಗಲೂ ಇಲ್ಲ. ಬಸುರಿಯರಿಗೂ ಮಕ್ಕಳಿಗೂ ಸೋನೋಗ್ರಫಿಯೇ ಮೊದಲು, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಅದು ಮೂತ್ರನಾಳದ ನಡುಭಾಗದ ಹರಳನ್ನು ಹಿಡಿಯುವುದು ಕಷ್ಟ. ಲಿಥೋಟ್ರಿಪ್ಸಿಯಲ್ಲಿ (ಹೊರಗಿನಿಂದ ತರಂಗ ಹಾಯಿಸಿ ಹರಳು ಪುಡಿ ಮಾಡುವ ಚಿಕಿತ್ಸೆ) ಹರಳು ಒಡೆದೀತೇ ಎಂದು ನಿರ್ಧರಿಸಲು ಬೇಕಾದ ಸಾಂದ್ರತೆಯೂ ಅದರಲ್ಲಿ ಸಿಗದು. ಆಪರೇಷನ್ ನಿಶ್ಚಯವಾಗುವ ಮುನ್ನ ಸಿಟಿ ಬೇಕೇ ಬೇಕು ಎನ್ನುವ ಯೂರಾಲಜಿಸ್ಟರ ಮಾತು ನ್ಯಾಯವಾದದ್ದು.

ಇಷ್ಟೆಲ್ಲ ಓದಿ ಸ್ಕ್ಯಾನನ್ನೇ ತಳ್ಳಿಹಾಕುವುದು ಮಾತ್ರ ಡೋಸ್‌ಗಿಂತ ಎಷ್ಟೋ ಪಟ್ಟು ಅಪಾಯ. ನಡುನೋವಿನ ಜೊತೆ ಚಳಿಜ್ವರ ಬಂದರೆ, ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿರಬಹುದು. ಅದು ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹರಡಬಲ್ಲದು. ನೋವು ನಿಂತಿತು, ಹರಳು ಬಿತ್ತು ಎಂದುಕೊಳ್ಳುವುದೂ ತಪ್ಪು. ಹರಳು ಅಲ್ಲೇ ಕೂತು ನೋವಿಲ್ಲದೆ ಮೂತ್ರಪಿಂಡವನ್ನು ವಾರಗಟ್ಟಲೆ ಹಿಚುಕಬಹುದು. ಹರಳು ಬಿದ್ದದ್ದು ಕಣ್ಣಿಗೆ ಕಾಣದಿದ್ದರೆ ಒಮ್ಮೆ ಸೋನೋಗ್ರಫಿಯಲ್ಲಿ ಊತ ಇಳಿದಿದೆಯೇ ನೋಡಲೇಬೇಕು.

ಎರಡನೇ ಸ್ಕ್ಯಾನ್ ತಪ್ಪಿಸುವುದು

ಸಿಟಿಗೆ ಮೊದಲು ತೆಗೆಯುವ ಸ್ಕೌಟ್ ಚಿತ್ರವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಅದರಲ್ಲಿ ಹರಳು ಕಂಡರೆ ಮಾಮೂಲಿ ಎಕ್ಸ್‌ರೇಯಲ್ಲೂ ಕಾಣುತ್ತದೆ ಎಂದು ಅರ್ಥ. ಹಾಗಿದ್ದರೆ ಹರಳು ಕೆಳಗಿಳಿದಿದೆಯೇ ಎಂದು ನೋಡಲು ಇನ್ನೊಂದು ಸಿಟಿ ಬೇಡ, ಒಂದು ಮಿಲಿಸೀವರ್ಟ್‌ಗೂ ಕಡಿಮೆಯ ಕೆಯುಬಿ ಎಕ್ಸ್‌ರೇ ಸಾಕು. ವರದಿಯಲ್ಲಿ ‘ಸ್ಕೌಟ್‌ನಲ್ಲಿ ಕಾಣುತ್ತದೆ’ ಎಂಬ ಒಂದು ಸಾಲು ಇದ್ದರೆ ಮುಂದಿನ ವೈದ್ಯರಿಗೆ ಆ ಆಯ್ಕೆ ಸಿಗುತ್ತದೆ. ಯೂರಿಕ್ ಆಮ್ಲದ ಹರಳು ಎಕ್ಸ್‌ರೇಯಲ್ಲಿ ಕಾಣದ ಕಾರಣ ಅದಕ್ಕೆ ಸೋನೋಗ್ರಫಿ, ಇಲ್ಲವೇ ಕಿಬ್ಬೊಟ್ಟೆಗಷ್ಟೇ ಸೀಮಿತವಾದ ಲೋ ಡೋಸ್ ಸಿಟಿ ಆಗಬಹುದು.

ಚೀಟಿ ಬರೆಯುವ ವೈದ್ಯರು ‘ಸಿಟಿ ಕೆಯುಬಿ’ ಎಂದಷ್ಟೇ ಬರೆಯದೆ ‘ಪ್ಲೇನ್, ಲೋ ಡೋಸ್, ಹರಳಿನ ಶಂಕೆ, ಬಲಗಡೆ, ಹಿಂದಿನ ಸಿಟಿ ಇದೆ’ ಎಂದು ಬರೆದರೆ ಟೆಕ್ನಿಷಿಯನ್ ಯಾವ ಪ್ರೋಟೋಕಾಲ್ ಒತ್ತಬೇಕೆಂಬ ಊಹೆ ತಪ್ಪುತ್ತದೆ. ರೋಗಿಯ ಕಡೆಯವರು ಫಿಲ್ಮ್ ಜೊತೆ ಡೈಕಾಮ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರಗಳಿರುವ) ಸಿ.ಡಿ.ಯನ್ನು ಕೇಳಿ ಪಡೆಯಬೇಕು, ಡೋಸ್ ರಿಪೋರ್ಟ್ ಪುಟವೂ ಅದರಲ್ಲಿ ಸೇರಿರಲಿ. ಆ ಪುಟದ ಡಿಎಲ್‌ಪಿಯನ್ನು ದವಾಖಾನೆಯ ಕಡತದ ಮೇಲೆ ತಾರೀಖಿನ ಜೊತೆ ಬರೆದಿಟ್ಟರೆ, ಮುಂದಿನ ಬೇಸಿಗೆಯಲ್ಲಿ ನೋವು ಮರುಕಳಿಸಿದಾಗ ಸೊಲ್ಲಾಪುರದ ವೈದ್ಯರಿಗೂ ಹೈದರಾಬಾದಿನವರಿಗೂ ಹಿಂದೆ ಏನಾಗಿದೆ, ಎಷ್ಟರಲ್ಲಿ ಆಗಿದೆ ಎಂದು ಗೊತ್ತಾಗುತ್ತದೆ.